ಹನ್ನೆರಡನೆಯ ದೀಪ

ಬೆಳಗಿನ ಆರು ಗಂಟೆ. ಬೈಲಹೊಂಗಲದಿಂದ ಸವದತ್ತಿಗೆ ಹೋಗುವ ರಸ್ತೆಯ ಬದಿಗಿರುವ ತಗಡಿನ ಶೆಡ್ಡಿನೊಳಗೆ ದೊಡ್ಡದೊಂದು ವಿದೇಶಿ ಕಾರು ನಿಂತಿದೆ. ಚಾಲಕನ ಸೀಟಿನಲ್ಲಿ ಐವತ್ತೆಂಟರ ಬಸವಣ್ಣೆಪ್ಪ ಕುಳಿತಿದ್ದಾರೆ. ಬಾಗಿಲು ಮುಚ್ಚಿದೆ, ನಾಲ್ಕೂ ಗಾಜು ಏರಿಸಿದೆ. ಹೊರಗೆ ಜಿಟಿಜಿಟಿ ಮಳೆ, ಹಾಲಿನ ಗಾಡಿಯೊಂದು ಹೋದ ಸದ್ದು. ಒಳಗೆ ಅದಾವುದೂ ಕೇಳುವುದಿಲ್ಲ. ಕೀಲಿಯನ್ನು ಅವರು ಅರ್ಧಕ್ಕೆ ತಿರುಗಿಸಿ ಕೈ ಬಿಡುತ್ತಾರೆ. ಇಂಜಿನ್ ಶುರುವಾಗುವುದಿಲ್ಲ, ಎದುರಿನ ಫಲಕದ ಮೇಲೆ ಕೆಂಪು ಹಳದಿ ದೀಪಗಳು ಮಾತ್ರ ಒಮ್ಮೆಲೇ ಹೊತ್ತಿಕೊಳ್ಳುತ್ತವೆ. ಬಸವಣ್ಣೆಪ್ಪನವರ ತುಟಿ ಅಲುಗುತ್ತಿದೆ. ಎಣಿಸುತ್ತಿದ್ದಾರೆ.

ಕೆಲವು ಕ್ಷಣದಲ್ಲಿ ದೀಪಗಳು ಒಂದೊಂದಾಗಿ ಆರುತ್ತವೆ. ಒಂದೆರಡು ಇಂಜಿನ್ ಶುರುವಾಗುವವರೆಗೆ ಕಾಯುತ್ತವೆ, ಅವುಗಳ ಸ್ವಭಾವವೇ ಹಾಗೆ. ಹಳದಿ ದೀಪವೊಂದು ಮಾತ್ರ ಇಂಜಿನ್ ಓಡತೊಡಗಿದರೂ ಹಠ ಹಿಡಿದು ಉಳಿದಿದೆ. ಅದರ ಗುರುತನ್ನು ಮೊಣಕಾಲ ಮೇಲಿನ ರಟ್ಟಿನ ತುಂಡಿಗೆ ಬರೆದುಕೊಂಡು ಅವರು ಕೆಳಗಿಳಿಯುತ್ತಾರೆ.

“ಮೊದಲ ಎಲ್ಲಾ ಹತ್ತಬೇಕು, ಆಮ್ಯಾಲ ಆರಬೇಕು. ಹತ್ತಿದ್ದು ಆರಲಿಲ್ಲ ಅಂದ್ರ ತನ್ನ ಬ್ಯಾನಿ ಹೇಳಾಕತ್ತೈತಿ ಅಂತ ತಿಳೀರಿ. ಅದಕ್ಕ ನಾ ಅಂಜೂದಿಲ್ಲ” ಎನ್ನುತ್ತಾರೆ. ಕೈ ಒರೆಸಿಕೊಳ್ಳುತ್ತ ಮತ್ತೆ ಹೇಳುತ್ತಾರೆ: “ಹತ್ತೂದ ಇಲ್ಲ ನೋಡ್ರಿ, ಆ ದೀಪಕ್ಕ ಅಂಜತೇನಿ.”

ಬಸವಣ್ಣೆಪ್ಪನವರ ಬಳಿ ಬರುವವು ಹೆಚ್ಚಾಗಿ ಎರಡನೆಯ ಕೈಯ ದೊಡ್ಡ ಗಾಡಿಗಳು. ಪುಣೆ, ಮುಂಬೈಗಳಲ್ಲಿ ಎಂಟು ಹತ್ತು ವರ್ಷ ಓಡಿ ಹಳತಾದವು ದಲಾಲರ ಕೈ ದಾಟಿ ಈ ಕಡೆಗೆ ಬರುತ್ತವೆ. ಹೊಸದಿದ್ದಾಗ ಅರ್ಧ ಕೋಟಿ ಬೆಲೆಯಿದ್ದ ಕಾರು ಈಗ ಒಂದು ಟ್ರ್ಯಾಕ್ಟರಿನ ಬೆಲೆಗೆ ಸಿಗುತ್ತದೆ. ಹತ್ತಿ ವ್ಯಾಪಾರಿಗಳು, ರಸ್ತೆ ಗುತ್ತಿಗೆದಾರರು, ರಸ್ತೆ ಪಕ್ಕದ ಹೊಲ ಮಾರಿದವರು ಕೊಳ್ಳುತ್ತಾರೆ. ಮೊದಲ ವಾರ ಊರಿಗೆಲ್ಲ ಪೇಢೆ. ಎರಡನೆಯ ವಾರ ಯಾವುದೋ ದೀಪ ಹೊತ್ತಿಕೊಳ್ಳುತ್ತದೆ. ಕಂಪನಿಯ ಸರ್ವಿಸ್ ಕೇಂದ್ರ ದೂರದ ದೊಡ್ಡ ಊರಿನಲ್ಲಿ, ಅಲ್ಲಿಯ ಬಿಲ್ಲು ಅದಕ್ಕಿಂತ ದೊಡ್ಡದು. ಆಗ ಯಾರೋ ಈ ಶೆಡ್ಡಿನ ದಾರಿ ತೋರಿಸುತ್ತಾರೆ.

ದಿನಕ್ಕೆ ಎರಡು ಇಲ್ಲವೆ ಮೂರು ಗಾಡಿ. ಒಂದೊಂದಕ್ಕೆ ಕಡಿಮೆಯೆಂದರೆ ಒಂದು ತಾಸು. ಸ್ಟಿಯರಿಂಗಿನ ಕೆಳಗಿನ ಕಿಂಡಿಗೆ ಅಂಗೈಯಗಲದ ಸ್ಕ್ಯಾನರ್ ಜೋಡಿಸಿ ಓದುತ್ತಾರೆ, ಆದರೆ ಅದನ್ನೇ ಪೂರ್ತಿ ನಂಬುವುದಿಲ್ಲ. “ಕೂಸು ಅಳಾಕತ್ತೈತಿ ಅನ್ನೂದಷ್ಟ ಮಿಶಿನ್ ಹೇಳತೈತಿ. ಹಸಿವೋ ಹೊಟ್ಟಿಶೂಲಿಯೋ ನಾವ ನೋಡಬೇಕು” ಎಂಬುದು ಅವರ ಮಾತು. ಹತ್ತರಲ್ಲಿ ನಾಲ್ಕು ಗಾಡಿಯ ರೋಗ ಬರೀ ಬ್ಯಾಟರಿಯದು. ತಿಂಗಳುಗಟ್ಟಲೆ ದಲಾಲರ ಅಂಗಳದಲ್ಲಿ ನಿಂತು ಸತ್ವ ಕಳೆದುಕೊಂಡ ಬ್ಯಾಟರಿ ಇದ್ದರೆ ಒಂದಕ್ಕೊಂದು ಸಂಬಂಧವಿಲ್ಲದ ಆರೇಳು ದೀಪ ಒಟ್ಟಿಗೇ ಹತ್ತುತ್ತವೆ. ಮಾಲೀಕರ ಎದೆ ಒಡೆಯುತ್ತದೆ. ಬಸವಣ್ಣೆಪ್ಪ ಮೊದಲು ಬ್ಯಾಟರಿ ಅಳೆಯುತ್ತಾರೆ. ಬಹಳ ದೀಪ ಒಟ್ಟಿಗೆ ಹತ್ತಿದರೆ ಅಂಜಬೇಡಿ, ಒಂದೇ ಹತ್ತಿ ಮತ್ತೆ ಮತ್ತೆ ಬಂದರೆ ತಡಮಾಡಬೇಡಿ ಎಂದು ಎಲ್ಲರಿಗೂ ಹೇಳುತ್ತಾರೆ.

ಅಮಾವಾಸ್ಯೆಯ ಮರುದಿನ ಮಾತ್ರ ಲೆಕ್ಕವೇ ಬೇರೆ. ಆವತ್ತು ಐದು, ಆರು ಗಾಡಿಗಳು ಸಾಲಾಗಿ ನಿಲ್ಲುತ್ತವೆ. ಈ ಕಡೆ ಗಾಡಿ ಇದ್ದವರು ಅಮಾವಾಸ್ಯೆಯ ಪೂಜೆ ತಪ್ಪಿಸುವುದಿಲ್ಲ. ಪಂಪಿನಿಂದ ಮೈತುಂಬ ನೀರು ಹೊಡೆದು ತೊಳೆಯುತ್ತಾರೆ, ಗಾಜಿಗೆ ಅಡ್ಡ ವಿಭೂತಿ ಎಳೆಯುತ್ತಾರೆ, ಮುಂಭಾಗಕ್ಕೆ ತೋಳಿನ ದಪ್ಪದ ಚೆಂಡುಹೂವಿನ ಹಾರ ಕಟ್ಟುತ್ತಾರೆ, ಬಾನೆಟ್ಟಿನ ಮೇಲೆ ಅಕ್ಷತೆ ಚೆಲ್ಲಿ ಕಾಯಿ ಒಡೆಯುತ್ತಾರೆ. ಹಳೆಯ ಜೀಪಿಗೆ, ಟ್ರ್ಯಾಕ್ಟರಿಗೆ ಇದರಿಂದ ಏನೂ ಆಗುತ್ತಿರಲಿಲ್ಲ. ಈ ಗಾಡಿಗಳಿಗೆ ಗಾಜಿನ ಹಿಂದೆ ಕ್ಯಾಮೆರಾದ ಕಣ್ಣಿದೆ, ಮೂತಿಯಲ್ಲಿ ದೂರ ಅಳೆಯುವ ಯಂತ್ರವಿದೆ. ವಿಭೂತಿ ಕಣ್ಣು ಕಟ್ಟುತ್ತದೆ, ಹಾರ ಮೂಗು ಮುಚ್ಚುತ್ತದೆ, ಗಾಡಿ ಹೆದರಿ ಕಿರಿಚಲು ಶುರುಮಾಡುತ್ತದೆ.

ಅಕ್ಷತೆಯದು ಇನ್ನೂ ನಿಧಾನದ ತೊಂದರೆ. ಅಕ್ಕಿ ಕಾಳು ವೈಪರಿನ ಬುಡದ ಸಂದಿಗೆ ಬಿದ್ದು ನೀರು ಹರಿದುಹೋಗುವ ತೂತನ್ನು ಮುಚ್ಚುತ್ತವೆ. ಮಳೆಗಾಲದಲ್ಲಿ ಆ ನೀರು ಒಳಗಿಳಿದು ಕಾಲಡಿಯ ಹಾಸಿನ ಕೆಳಗೆ ನಿಲ್ಲುತ್ತದೆ. ಗಾಡಿಯ ಮಿದುಳಿನ ಪೆಟ್ಟಿಗೆ ಕೆಲವು ಕಾರುಗಳಲ್ಲಿ ಅಲ್ಲಿಯೇ ಇರುತ್ತದೆ. ಉಳಿದ ಕಾಳಿನ ವಾಸನೆಗೆ ಇಲಿ ಬರುತ್ತವೆ, ಕಾಳು ತೀರಿದ ಮೇಲೆ ವಾಯರು ತಿನ್ನುತ್ತವೆ. ಸಂದಿಯಿಂದ ಕೆದರಿ ತೆಗೆದ ಕಾಳುಗಳನ್ನು ಬಸವಣ್ಣೆಪ್ಪ ಒಂದು ಗಾಜಿನ ಭರಣಿಯಲ್ಲಿ ಕೂಡಿಟ್ಟಿದ್ದಾರೆ. ನಂಬದವರಿಗೆ ಅದನ್ನು ತೋರಿಸುತ್ತಾರೆ. ಭರಣಿ ಮುಕ್ಕಾಲು ತುಂಬಿದೆ.

“ಪೂಜಿ ಮಾಡಬ್ಯಾಡ್ರಿ ಅಂತ ನಾ ಎಂದೂ ಅನ್ನೂದಿಲ್ಲ. ನನ್ನ ಹೊಟ್ಟಿ ತುಂಬೂದ ಅದರಿಂದ” ಎಂದು ನಗುತ್ತಾರೆ. ನಗು ಬಹಳ ಹೊತ್ತು ಉಳಿಯುವುದಿಲ್ಲ. “ಆದ್ರ ಪೂಜಿ ದಿನ ನನ್ನ ಯಾರೂ ಕರೀಲಿಲ್ರಿ. ಎಲ್ಲಾರೂ ಮರುದಿನಾನ ಬರತಾರ.”

ಬಸವಣ್ಣೆಪ್ಪನವರ ಊರು ಮಲಪ್ರಭೆಯ ದಂಡೆಯ ಮನೋಳಿ. ತಂದೆ ನವಿಲುತೀರ್ಥದ ಅಣೆಕಟ್ಟೆಯಲ್ಲಿ ಕಾವಲಿಗಿದ್ದರು. ಏಳನೆಯ ತರಗತಿಗೆ ಸಾಲೆ ಬಿಟ್ಟು ಪಂಪ್‌ಸೆಟ್ಟಿನ ಮೋಟಾರಿಗೆ ತಂತಿ ಸುತ್ತುವುದನ್ನು ಕಲಿತರು. ಆಮೇಲೆ ಟ್ರ್ಯಾಕ್ಟರಿನ ಡೈನಮೊ, ಆಮೇಲೆ ಹುಬ್ಬಳ್ಳಿಯ ಗ್ಯಾರೇಜಿನಲ್ಲಿ ಆರು ವರ್ಷ. ಇಂಗ್ಲಿಷ್ ಓದಲು ಬರುವುದಿಲ್ಲ. ಸ್ಕ್ಯಾನರಿನ ಪರದೆಯ ಮೇಲೆ ಬರುವ ಅಕ್ಷರಗಳನ್ನು ಚಿತ್ರದ ಹಾಗೆ ನೆನಪಿಟ್ಟುಕೊಂಡಿದ್ದಾರೆ. ನಾನೂರಕ್ಕೂ ಹೆಚ್ಚು ಇರಬಹುದು ಎನ್ನುತ್ತಾರೆ.

ಶೆಡ್ಡಿನಲ್ಲಿ ಅವರೊಬ್ಬರೇ. ಇದು ಗಾಜು ಏರಿಸಿಕೊಂಡು ಒಳಗೆ ಕುಳಿತು ಕೇಳುವ ಕೆಲಸ. ಪಕ್ಕದಲ್ಲಿ ಒಬ್ಬರು ಮಾತಾಡುತ್ತಿದ್ದರೂ ಆಗದು. ಗಾಡಿಯವರು ಕೀಲಿ ಕೊಟ್ಟು ಪೇಟೆಗೆ ಹೋಗುತ್ತಾರೆ, ಸಂಜೆ ಬಂದು ಒಯ್ಯುತ್ತಾರೆ. ಹೆಂಡತಿ ತೀರಿಕೊಂಡು ಆರು ವರ್ಷವಾಯಿತು. ಮಗಳು ಯಶೋಧಾ ರಾಮದುರ್ಗದ ನೇಕಾರರ ಮನೆಯ ಸೊಸೆ, ಆದಿತ್ಯವಾರಕ್ಕೊಮ್ಮೆ ಫೋನು ಮಾಡುತ್ತಾಳೆ. ಮಧ್ಯಾಹ್ನ ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ ತಿನ್ನುವಾಗ ಬೆಳಗಿನಿಂದ ಎಷ್ಟು ಮಾತಾಡಿದೆನೆಂದು ಎಣಿಸಿದರೆ ಕೆಲವು ದಿನ ನಾಲ್ಕೇ ಮಾತು ಲೆಕ್ಕಕ್ಕೆ ಸಿಗುತ್ತವಂತೆ.

ಒಂಟಿತನಕ್ಕೆ ಇನ್ನೊಂದು ಕಾರಣವೂ ಇದೆ. ಕಂಡದ್ದನ್ನು ಅವರು ಹೇಳಿಬಿಡುತ್ತಾರೆ. ನಿಮ್ಮ ಗಾಡಿ ಒಮ್ಮೆ ನೀರಿನಲ್ಲಿ ಮುಳುಗಿದ್ದು ಎಂದೋ, ಕಿಲೋಮೀಟರಿನ ಅಂಕಿಯನ್ನು ಹಿಂದಕ್ಕೆ ತಿರುಗಿಸಿದ್ದಾರೆ ಎಂದೋ ಹೇಳಿದಾಗ ಜನಕ್ಕೆ ಸಿಟ್ಟು ಬರುವುದು ಮಾರಿದವನ ಮೇಲಲ್ಲ, ಹೇಳಿದವನ ಮೇಲೆ. ಮಾರಿದವನು ನೂರಾರು ಮೈಲಿ ದೂರ ಇದ್ದಾನೆ, ಇವರು ಎದುರಿಗಿದ್ದಾರೆ. ಕಿತ್ತೂರಿನ ಗುತ್ತಿಗೆದಾರರೊಬ್ಬರು ಮದುವೆ ಮನೆಯಲ್ಲಿ ಇವರನ್ನು ಕಂಡು ಪಂಕ್ತಿ ಬಿಟ್ಟು ಎದ್ದುಹೋಗಿದ್ದರಂತೆ. ಎದುರಿಗೆ ಚಹಾದಂಗಡಿ ಇಟ್ಟಿರುವ ಕೆಂಪವ್ವನವರು ಇದನ್ನೆಲ್ಲ ಇಪ್ಪತ್ತು ವರ್ಷದಿಂದ ನೋಡಿದ್ದಾರೆ. “ಸುಳ್ಳು ಹೇಳಾಕ ಬರದವಗ ದೋಸ್ತರು ಎಲ್ಲಿಂದ ಬರಬೇಕೋ ಬಸಣ್ಣಾ” ಎಂದು ಕಪ್ಪು ಕೊಡುತ್ತಲೇ ಕಾಡುತ್ತಾರೆ.

ಹಾಗಿದ್ದೂ ಒಬ್ಬ ದೋಸ್ತ ಇದ್ದರು. ಹೆಸರು ಮಹಾದೇವ. ಮನೋಳಿಯ ಸಾಲೆಯಲ್ಲಿ ಒಂದೇ ಮಣೆಯ ಮೇಲೆ ಕೂತವರು. ಈಗ ಬೈಲಹೊಂಗಲದ ಪೇಟೆಯಲ್ಲಿ ಬೆಲ್ಲದ ವ್ಯಾಪಾರ. ಹತ್ತೊಂಬತ್ತು ವರ್ಷ, ಬೆಳಗಿನ ಏಳೂವರೆಗೆ ಅಂಗಡಿಗೆ ಹೋಗುವ ಮುಂಚೆ ಈ ಶೆಡ್ಡಿಗೆ ಬಂದು ಚಹಾ ಕುಡಿದೇ ಹೋಗುತ್ತಿದ್ದರು. ಎರಡು ಹಳೆಯ ಟೈರುಗಳನ್ನು ಒಂದರ ಮೇಲೊಂದು ಇಟ್ಟು ಮೇಲೆ ಗೋಣಿತಾಟು ಹಾಸಿದ್ದು ಅವರ ಗಾದಿ. ಬೇರೆ ಯಾರೂ ಅದರ ಮೇಲೆ ಕೂರುವಂತಿರಲಿಲ್ಲ. ಊರಿನ ಸುದ್ದಿಯೆಲ್ಲ ಬಸವಣ್ಣೆಪ್ಪನವರಿಗೆ ತಲುಪುತ್ತಿದ್ದುದು ಆ ಕಾಲು ತಾಸಿನಲ್ಲಿ.

ಈ ವರ್ಷ ಮಹಾದೇವ ಅವರೂ ಒಂದು ದೊಡ್ಡ ಗಾಡಿ ಕೊಂಡರು. ಹನ್ನೊಂದು ವರ್ಷ ಹಳೆಯದು, ಕಡುನೀಲಿ ಬಣ್ಣ, ಒಳಗೆಲ್ಲ ಬೆಣ್ಣೆ ಬಣ್ಣದ ಚರ್ಮದ ಸೀಟು. ಕೊಳ್ಳುವ ಮುಂಚೆ ಗೆಳೆಯನನ್ನು ಕರೆದುಕೊಂಡು ಹೋಗಿ ತೋರಿಸಲಿಲ್ಲ. ಅಪನಂಬಿಕೆಯಿಂದಲ್ಲ. ಒಮ್ಮೆಲೇ ತಂದು ನಿಲ್ಲಿಸಿ ಅವನನ್ನು ದಂಗುಬಡಿಸಬೇಕು ಎಂಬ ಆಸೆಯಿಂದ. ಮಣ್ಣೆತ್ತಿನ ಅಮಾವಾಸ್ಯೆಗೆ ಪೂಜೆಯಾಯಿತು. ಮರುದಿನ ಬೆಳಿಗ್ಗೆ ಪೇಢೆಯ ಡಬ್ಬಿ ಹಿಡಿದು, ಕಿರಿಚುತ್ತಿರುವ ಗಾಡಿಯನ್ನು ತಾವೇ ಓಡಿಸಿಕೊಂಡು ಬಂದರು.

ಕಿರಿಚುವುದನ್ನು ನಿಲ್ಲಿಸಲು ಎರಡು ನಿಮಿಷ ಸಾಕಾಯಿತು. ಹಾರ ಬಿಚ್ಚಿ, ಹಸಿ ಅರಿವೆಯಿಂದ ವಿಭೂತಿ ಒರೆಸಿದರು. ಇಬ್ಬರೂ ನಕ್ಕರು. ಪೇಢೆ ತಿಂದರು. ಮಾತು ಅಲ್ಲಿಗೆ ಮುಗಿಯಬಹುದಿತ್ತು. ಆದರೆ ಕೈ ಸುಮ್ಮನಿರಲಿಲ್ಲ. ಬಸವಣ್ಣೆಪ್ಪ ಒಳಗೆ ಕುಳಿತು ಕೀಲಿ ಅರ್ಧಕ್ಕೆ ತಿರುಗಿಸಿ ಎಣಿಸಿದರು. ಆ ಗಾಡಿಗೆ ಹನ್ನೆರಡು ದೀಪ ಹತ್ತಬೇಕು. ಹತ್ತಿದ್ದು ಹನ್ನೊಂದು.

ಹತ್ತದೆ ಉಳಿದದ್ದು ಏರ್‌ಬ್ಯಾಗಿನ ದೀಪ. ಡಿಕ್ಕಿಯಾದಾಗ ಉಬ್ಬಿ ಎದೆ, ಮುಖ ಕಾಯುವ ಚೀಲದ್ದು. ಫಲಕ ಬಿಚ್ಚಿ ನೋಡಿದರೆ ಆ ದೀಪದ ಮೇಲೆ ಉಗುರಿನಷ್ಟು ಕರಿ ಟೇಪು ಅಂಟಿಸಿದೆ. ಸೀಟ್‌ಬೆಲ್ಟಿನ ಬುಡದ ಚೀಟಿಯಲ್ಲಿ ಇರುವ ವರ್ಷ ಗಾಡಿಯ ವರ್ಷಕ್ಕಿಂತ ಮೂರು ವರ್ಷ ಈಚಿನದು, ಅಂದರೆ ಬೆಲ್ಟು ಆಮೇಲೆ ಬದಲಿಸಿದ್ದು. ಸ್ಟಿಯರಿಂಗಿನ ನಡುವಿನ ಮುಚ್ಚಳವನ್ನು ಅಂಟಿನಿಂದ ಕೂರಿಸಿದ್ದಾರೆ. ಎಂದೋ ಎಲ್ಲೋ ಜೋರಾಗಿ ಹೊಡೆದುಕೊಂಡ ಗಾಡಿ. ಉಬ್ಬಿ ಒಡೆದ ಚೀಲಗಳನ್ನು ಕಿತ್ತುಹಾಕಿದ್ದಾರೆ, ಬೇರೆ ಹಾಕಿಲ್ಲ. ಮುಂದಿನ ಎರಡೂ ಸೀಟಿಗೆ ಕಾವಲಿಲ್ಲ.

ಗೆಳೆಯ ಇನ್ನೂ ಪೇಢೆ ಅಗಿಯುತ್ತಿದ್ದರು. “ಮಾದೇವಾ, ಒಂದು ಕಮ್ಮಿ ಐತಿ” ಎಂದು ಬಸವಣ್ಣೆಪ್ಪ ಹೇಳಿದರು. ಎಲ್ಲವನ್ನೂ ತೋರಿಸಿದರು. ಮಹಾದೇವ ಪೇಢೆಯ ಡಬ್ಬಿ ಮುಚ್ಚಿ ಟೈರಿನ ಮೇಲಿಟ್ಟು, ಆ ದೀಪ ಉಳಿದವುಗಳ ಹಾಗೆ ಹತ್ತಿ ಆರುವಂತೆ ಮಾಡಿಬಿಡು, ಮನೆಯಲ್ಲಿ ಯಾರಿಗೂ ತಿಳಿಯುವುದು ಬೇಡ ಎಂದರು. ಅದು ಆಗದ ಕೆಲಸವಲ್ಲ. ಗುಲಗಂಜಿಯಷ್ಟು ಸಣ್ಣ ತುಣುಕೊಂದನ್ನು ವಾಯರಿನ ನಡುವೆ ಕೂರಿಸಿದರೆ ಗಾಡಿಯೂ ಮೋಸಹೋಗುತ್ತದೆ. ಅಂಥವು ಬಸವಣ್ಣೆಪ್ಪನವರ ಡಬ್ಬಿಯಲ್ಲಿ ಬೇಕಾದಷ್ಟಿವೆ.

“ಮಾಡಾಕ ಬರತೈತಿ. ಮಾಡೂದಿಲ್ಲ. ಗಂಗವ್ವ ಮೊಮ್ಮಗಳನ್ನ ತೊಡಿಮ್ಯಾಲ ಕುಂದ್ರಿಸ್ಕೊಂಡು ಮುಂದ ಕೂಡತಾಳ” ಎಂದರು. ಗಂಗವ್ವ ಎಂದರೆ ಮಹಾದೇವ ಅವರ ಪತ್ನಿ.

ಆಗ ಮಹಾದೇವ ಆಡಿದ ಮಾತನ್ನು ಬಸವಣ್ಣೆಪ್ಪ ಒಂದಕ್ಷರ ಬಿಡದೆ ಹೇಳುತ್ತಾರೆ. “ಹತ್ತಿದ್ರ ಹತ್ತೈತಿ ಅಂತಿ, ಹತ್ತಲಿಲ್ಲ ಅಂದ್ರ ಹತ್ತಿಲ್ಲ ಅಂತಿ. ನಿನ್ನ ಕಣ್ಣಿಗೆ ಚಲೋದು ಕಾಣೂದ ಇಲ್ಲೇನಲೇ? ಅದಕ್ಕ ನೋಡು, ನಿನ್ನ ಬಾಜೂಕ ಯಾರೂ ಕೂಡೂದಿಲ್ಲ.” ಎದ್ದು ಗಾಡಿ ತೆಗೆದುಕೊಂಡು ಹೋದರು. ಪೇಢೆಯ ಡಬ್ಬಿ ಟೈರಿನ ಮೇಲೆಯೇ ಉಳಿಯಿತು.

ಮರುದಿನ ಏಳೂವರೆಗೆ ಕೆಂಪವ್ವ ಎಂದಿನಂತೆ ಎರಡು ಕಪ್ಪು ತಂದರು. ಒಂದು ಆರಿಹೋಯಿತು. ವಾರದವರೆಗೆ ತಂದು, ಆಮೇಲೆ ಒಂದೇ ತರತೊಡಗಿದರು. ಒಂಬತ್ತನೆಯ ದಿನ ಕಡುನೀಲಿ ಗಾಡಿ ಶೆಡ್ಡಿನ ಮುಂದೆಯೇ ಹಾದುಹೋಯಿತು. ಮುಂದಿನ ಸೀಟಿನಲ್ಲಿ ಗಂಗವ್ವ, ಅವರ ತೊಡೆಯ ಮೇಲೆ ಮೊಮ್ಮಗಳು. ಬಸವಣ್ಣೆಪ್ಪ ಕೈ ಎತ್ತಿ ರಸ್ತೆಗೇ ಇಳಿದಿದ್ದರು. ಗಾಡಿ ನಿಲ್ಲಲಿಲ್ಲ. ಸಂಜೆ ಫೋನು ಮಾಡಿದರು, ಎತ್ತಲಿಲ್ಲ. ಆವತ್ತಿನಿಂದ ಸವದತ್ತಿ ಕಡೆಯಿಂದ ಅಂಬುಲೆನ್ಸಿನ ಸದ್ದು ಕೇಳಿದರೆ ಕೈಯಲ್ಲಿನ ಕೆಲಸ ನಿಂತುಹೋಗುತ್ತದೆ.

ಅಂಗಡಿಗೇ ಹೋಗಿ ಮಾತಾಡಬಹುದಿತ್ತಲ್ಲ ಎಂದರೆ ತಲೆ ಅಲ್ಲಾಡಿಸುತ್ತಾರೆ. “ಹೋದ್ರ ಮತ್ತ ಅದ ಮಾತು ಹೇಳತೇನ್ರಿ. ಬ್ಯಾರೇದು ನನ್ನ ಬಾಯಾಗ ಇಲ್ಲ.” ಹೇಳದೆ ಸುಮ್ಮನಿದ್ದಿದ್ದರೆ? ಈ ಪ್ರಶ್ನೆಯನ್ನು ಅವರೇ ಅನೇಕ ಸಲ ಕೇಳಿಕೊಂಡಿರಬೇಕು, ಉತ್ತರ ತಡವಾಗುವುದಿಲ್ಲ. “ಹೇಳದಿದ್ರ ಏನಾಗತಿತ್ತು? ಮರುದಿನ ಚಹಾಕ್ಕ ಬರತಿದ್ದ. ನಾ ಅವನ ಮಾರಿ ನೋಡೂದು ಹೆಂಗ?”

ಒಂದು ತಿಂಗಳು ಕಳೆದು, ನಾಗರ ಅಮಾವಾಸ್ಯೆಯ ಬೆಳಗು. ಅಮಾವಾಸ್ಯೆಯ ದಿನ ಶೆಡ್ಡಿಗೆ ಯಾವ ಗಾಡಿಯೂ ಬರುವುದಿಲ್ಲ, ಎಲ್ಲವೂ ಪೂಜೆಗೆ ಮನೆಯ ಅಂಗಳದಲ್ಲಿರುತ್ತವೆ. ಆದರೂ ಬಸವಣ್ಣೆಪ್ಪ ಆರಕ್ಕೇ ಬಂದು ಬೀಗ ತೆಗೆಯುತ್ತಾರೆ, ಮನೆಯಲ್ಲಿ ಕೂತು ಮಾಡುವುದೇನೂ ಇಲ್ಲ. ಇವತ್ತು ಬೀಗಕ್ಕೆ ಕೈ ಹಾಕುವ ಮುಂಚೆಯೇ ನಿಂತುಬಿಟ್ಟಿದ್ದಾರೆ. ಶೆಡ್ಡಿನ ಮುಂದೆ ಬೇವಿನ ಮರದ ಕೆಳಗೆ ಕಡುನೀಲಿ ಗಾಡಿ ನಿಂತಿದೆ. ಸುತ್ತ ಯಾರೂ ಇಲ್ಲ. ಚಹಾದ ಕಪ್ಪು ಇಡುವ ಚಪ್ಪಡಿಕಲ್ಲನ್ನು ಎತ್ತಿ ನೋಡುತ್ತಾರೆ. ಕೀಲಿ ಅಲ್ಲಿದೆ. ಆ ಜಾಗ ಗೊತ್ತಿರುವುದು ಇಬ್ಬರಿಗೆ ಮಾತ್ರ.

ಬಾಗಿಲು ತೆಗೆಯುತ್ತಾರೆ. ಒಳಗೆ ಗಮ್ಮೆಂದು ಬೆಲ್ಲದ ವಾಸನೆ. ಚಾಲಕನ ಪಕ್ಕದ ಸೀಟಿನ ಮೇಲೆ ಬೆಲ್ಲದ ಎರಡು ದೊಡ್ಡ ಪೆಂಟಿಗಳಿವೆ, ಒಂದೊಂದೂ ಕೊಡದಷ್ಟು ಗಾತ್ರದ ಉಂಡೆ, ಸೀಟ್‌ಬೆಲ್ಟನ್ನು ಅಡ್ಡ ಬಿಗಿದು ಕಟ್ಟಿದೆ. ಮಳೆಗಾಲದ ತಂಪಿಗೆ ಬೆಲ್ಲ ನೀರೊಡೆದು ಬೆಣ್ಣೆ ಬಣ್ಣದ ಚರ್ಮದ ಮೇಲೆ ಇಳಿದಿದೆ, ಇಳಿದಲ್ಲಿ ಕಪ್ಪಗೆ ಗಟ್ಟಿಯಾಗಿದೆ. ನಿನ್ನೆ ಮೊನ್ನೆ ಇಟ್ಟದ್ದಲ್ಲ. ಎರಡು, ಮೂರು ವಾರವಾದರೂ ಆಗಿರಬೇಕು.

ಚಹಾ ತಂದ ಕೆಂಪವ್ವ ಇಣುಕಿ ನೋಡಿ ಬೆರಳು ಕಚ್ಚಿಕೊಳ್ಳುತ್ತಾರೆ. “ಯವ್ವಾ, ಇಷ್ಟು ತುಟ್ಟಿ ಸೀಟಿನ ಮ್ಯಾಲ ಬೆಲ್ಲ ಇಡತಾರೇನ ಯಾರರ? ಹಿಂದ ಡಿಕ್ಕಿ ಖಾಲಿ ಐತಲ್ಲೋ.”

“ಅಲ್ಲಿ ಯಾರೂ ಕುಂದ್ರಬಾರದು ಅಂತ ಇಟ್ಟಾನ ಯಕ್ಕಾ” ಎನ್ನುತ್ತಾರೆ ಬಸವಣ್ಣೆಪ್ಪ. ಗೆಳೆಯ ಅವರ ಮಾತನ್ನು ನಂಬಿದ್ದರು. ಮನೆಯವರಿಗೆ ಕಾರಣ ಹೇಳಲಾರದೆ, ಇಲ್ಲಿಗೆ ಬರಲಾರದೆ, ಗಂಗವ್ವನವರನ್ನು ಹಿಂದೆ ಕೂರಿಸಲು ತಮ್ಮ ಅಂಗಡಿಯ ಬೆಲ್ಲವನ್ನೇ ಮುಂದೆ ಕೂರಿಸಿದ್ದರು.

ಪೆಂಟಿಗಳನ್ನು ಇಳಿಸಿ ಟೈರಿನ ಗಾದಿಯ ಮೇಲೆ ಇಡುತ್ತಾರೆ. ಗಾಡಿಯನ್ನು ಶೆಡ್ಡಿನೊಳಕ್ಕೆ ತಂದು, ಗಾಜು ಏರಿಸಿ, ಕೀಲಿ ಅರ್ಧಕ್ಕೆ ತಿರುಗಿಸಿ ಮತ್ತೊಮ್ಮೆ ಎಣಿಸುತ್ತಾರೆ. ಹನ್ನೊಂದು. ಹೊರಬಂದು ಕೈ ತೊಳೆದು, ರಸ್ತೆ ಬದಿಯ ಕಣಗಿಲೆಯಿಂದ ಒಂದು ಹೂವು ತಂದು ಬಾನೆಟ್ಟಿನ ಮೇಲೆ ಇಟ್ಟು ಕೈ ಮುಗಿಯುತ್ತಾರೆ. ಅಕ್ಕಿ ಇಲ್ಲ, ವಿಭೂತಿ ಇಲ್ಲ. ಪೂಜೆಯ ದಿನ ಅವರ ಕೈಯಲ್ಲಿ ಗಾಡಿ ಇರುವುದು ಇದೇ ಮೊದಲು.

ಹೊಸ ಚೀಲಗಳು ಪುಣೆಯಿಂದ ಬರಬೇಕು. ಎಲ್ಲ ಕೂರಿಸಿ ಹನ್ನೆರಡನೆಯ ದೀಪ ತನ್ನಷ್ಟಕ್ಕೆ ಹತ್ತಿ ತನ್ನಷ್ಟಕ್ಕೆ ಆರಲು ಮೂರು ವಾರವಾದರೂ ಬೇಕು. ಗಡಿಯಾರ ಏಳೂವರೆ ದಾಟಿ ಬಹಳ ಹೊತ್ತಾಗಿದೆ. ರಸ್ತೆಯ ಕಡೆಗೆ ಒಮ್ಮೆ ನೋಡಿ, ಇಂದು ಮತ್ತೆ ಎರಡಾಗಿ ಬಂದ ಕಪ್ಪುಗಳಲ್ಲಿ ಒಂದನ್ನು ಅವರು ಎತ್ತಿಕೊಳ್ಳುತ್ತಾರೆ.

“ಇರಲಿ ಬಿಡ್ರಿ, ಅವಸರ ಏನಿಲ್ಲ. ಗಾಡಿ ನನ್ನ ಹಂತೇಕ ಐತಿ. ಒಯ್ಯಾಕರ ಅವ ಒಂದಿನ ಬರಬೇಕಲ್ಲ.”